ಅಪವರ್ತನ: ಅಂಕಿ ಕುಗ್ಗಿದರೂ ಬೆಲೆ ಕುಗ್ಗದ ಲೆಕ್ಕ

ಕನ್ನಡ ಮಾಧ್ಯಮದ ಯಾವ ಶಾಲೆಯ ಗಣಿತಪುಸ್ತಕವನ್ನು ತೆರೆದರೂ ಅಂಶ, ಛೇದ, ಅಪವರ್ತನ, ಅಪವರ್ತ್ಯ ಎಂಬ ನಾಲ್ಕು ಮಾತುಗಳು ಎದುರಾಗುತ್ತವೆ. ಲ.ಸಾ.ಅ., ಮ.ಸಾ.ಅ. ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುವ ಅಕ್ಷರಗುಚ್ಛಗಳಲ್ಲಿ ಕೊನೆಯ ‘ಅ’ ಒಂದು ಕಡೆ ಅಪವರ್ತ್ಯ, ಇನ್ನೊಂದು ಕಡೆ ಅಪವರ್ತನ. ಇವು ನಿನ್ನೆ ಮೊನ್ನೆ ಪಠ್ಯಪುಸ್ತಕ ಸಮಿತಿಗಳು ಕೂತು ಟಂಕಿಸಿದ ಮಾತುಗಳಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ದಿಗಂಬರ ಜೈನ ಗಣಿತಜ್ಞ ಬರೆದ ‘ಗಣಿತಸಾರಸಂಗ್ರಹ’ದ ಪರಿಭಾಷೆಗೆ ಸೇರಿದವು. ಆದರೆ ಈ ನಾಲ್ಕರಲ್ಲಿ ಒಂದು ಮಾತು ದಾರಿಯಲ್ಲಿ ಅರ್ಥ ಬದಲಾಯಿಸಿಕೊಂಡಿದೆ. ಇಂದಿನ ಪುಸ್ತಕದಲ್ಲಿ ‘ಅಪವರ್ತನ’ವೆಂದರೆ ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಇನ್ನೊಂದು ಸಂಖ್ಯೆ, ಅದೊಂದು ವಸ್ತು. ಪ್ರಾಚೀನ ಗಣಿತದಲ್ಲಿ ಅದು ಕ್ರಿಯೆ. ಅಂಶ ಛೇದಗಳೆರಡರಲ್ಲೂ ಅಡಗಿರುವ ಸಾಮಾನ್ಯ ಗುಣಕವನ್ನು ಗುರುತಿಸಿ, ಎರಡರಿಂದಲೂ ಒಟ್ಟಿಗೆ ಆಚೆಗೆ ತಿರುಗಿಸಿ, ಭಿನ್ನರಾಶಿಯನ್ನು ಅದರ ಅತ್ಯಂತ ಸಂಕ್ಷಿಪ್ತ ರೂಪಕ್ಕೆ ತರುವುದೇ ಅಪವರ್ತನ.

ವಸ್ತುವಿನ ಹೆಸರು ಉಳಿದು ಕ್ರಿಯೆಯ ಹೆಸರು ಹೋದದ್ದರಿಂದ ಆ ಕ್ರಿಯೆಗೆ ಬೇರೆ ಹೆಸರುಗಳು ಬಂದವು. ಪುಸ್ತಕ ‘ಸಂಕ್ಷೇಪಿಸಿ’, ‘ಸರಳೀಕರಿಸಿ’ ಎನ್ನುತ್ತದೆ. ತರಗತಿಯ ಮಾತು ಅದಕ್ಕಿಂತ ಒರಟು. ಚಾಮರಾಜನಗರವಿರಲಿ, ಗುಂಡ್ಲುಪೇಟೆಯಿರಲಿ, ಕಪ್ಪುಹಲಗೆಯ ಮೇಲೆ ೧೨/೧೬ ಬರೆದ ಮೇಷ್ಟ್ರು ಹೇಳುವುದು “ನಾಲ್ಕರಲ್ಲಿ ಹೊಡಿ” ಎಂದು. ಮಗು ೧೨ರ ಮೇಲೊಂದು ಗೀಟು, ೧೬ರ ಮೇಲೊಂದು ಗೀಟು ಎಳೆದು ಪಕ್ಕದಲ್ಲಿ ೩ ಮತ್ತು ೪ ಬರೆಯುತ್ತದೆ. ಉತ್ತರ ಸರಿ. ಆದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ‘ಹೊಡೆಯುವುದು’ ಎಂಬ ಕ್ರಿಯಾಪದ: ಏನೋ ಇತ್ತು, ಅದನ್ನು ಅಳಿಸಿಹಾಕಲಾಯಿತು, ಈಗ ಉಳಿದದ್ದು ಮೊದಲಿಗಿಂತ ಚಿಕ್ಕದು.

ಇದು ಬರಿಯ ಶಬ್ದಶುಚಿಯ ಹಟವೆಂದು ತೋರಬಹುದು. ಹಾಗಲ್ಲ ಎಂಬುದಕ್ಕೆ ಒಂದು ಹಳೆಯ ಕಣ್ಕಟ್ಟು ಸಾಕ್ಷಿ. ೧೬/೬೪ರಲ್ಲಿ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದರೆ ಉಳಿಯುವುದು ೧/೪. ಉತ್ತರ ಸರಿಯೇ! ೧೯/೯೫ರಲ್ಲಿ ಒಂಬತ್ತನ್ನು ಹೊಡೆದರೆ ೧/೫, ಅದೂ ಸರಿ. ೨೬/೬೫, ೪೯/೯೮ ಸೇರಿಸಿದರೆ, ಒಂದಕ್ಕಿಂತ ಕಡಿಮೆ ಬೆಲೆಯ ಎರಡಂಕಿ ಭಿನ್ನರಾಶಿಗಳಲ್ಲಿ, ಸೊನ್ನೆಯ ಪ್ರಸಂಗಗಳನ್ನು ಬಿಟ್ಟು, ಈ ಆಟ ನಡೆಯುವುದು ನಾಲ್ಕೇ ಕಡೆ. ಐದನೆಯ ಕಡೆ ಕೈ ಹಾಕಿದರೆ ಮೋಸ. ೧೩/೩೯ರಲ್ಲಿ ಮೂರನ್ನು ಹೊಡೆದರೆ ೧/೯ ಬರುತ್ತದೆ. ನಿಜವಾದ ಉತ್ತರ ೧/೩. ಹೊಡೆಯುವುದನ್ನು ಕಲಿತ ವಿದ್ಯಾರ್ಥಿ ಅಂಕಿಯನ್ನು ಹೊಡೆಯುತ್ತಾನೆ. ಅಪವರ್ತನವನ್ನು ಕಲಿತವನು ಗುಣಕವನ್ನು ಹುಡುಕುತ್ತಾನೆ. ಈ ಭೇದ ಐದನೆಯ ತರಗತಿಯಲ್ಲಿ ಕಾಣಿಸದಿದ್ದರೂ ಪಿಯುಸಿಗೆ ಬರುವಷ್ಟರಲ್ಲಿ ರೋಗವಾಗಿರುತ್ತದೆ. (ಕ್ಷ+೩)/(ಕ್ಷ+೭) ಎಂಬಲ್ಲಿ ಮೇಲಿನ ಕ್ಷ, ಕೆಳಗಿನ ಕ್ಷ ಹೊಡೆದು ೩/೭ ಎಂದು ಬರೆಯುವ ಉತ್ತರಪತ್ರಿಕೆಗಳನ್ನು ಗಣಿತದ ಅಧ್ಯಾಪಕರೆಲ್ಲರೂ ಬಲ್ಲರು. ಕೂಡಿಸಿದ್ದು ಗುಣಕವಲ್ಲ, ಗುಣಿಸಿದ್ದು ಮಾತ್ರ ಗುಣಕ ಎಂಬುದು ‘ಹೊಡಿ’ ಎಂಬ ಮಾತಿನೊಳಗೆ ಎಲ್ಲಿಯೂ ಇಲ್ಲ.

ಮಹಾವೀರಾಚಾರ್ಯ ತನ್ನ ಗ್ರಂಥದ ಮೂರನೆಯ ಅಧ್ಯಾಯವನ್ನು ಭಿನ್ನರಾಶಿಗಳಿಗೆಂದೇ ಮೀಸಲಿಟ್ಟು ಅದಕ್ಕೆ ‘ಕಲಾಸವರ್ಣವ್ಯವಹಾರ’ವೆಂದು ಹೆಸರಿಟ್ಟಿದ್ದಾನೆ. ಕಲೆ ಎಂದರೆ ಭಾಗ, ಮೂಲತಃ ಚಂದ್ರನ ಹದಿನಾರನೆಯ ಒಂದು ಪಾಲು. ಸವರ್ಣವೆಂದರೆ ಒಂದೇ ಬಣ್ಣ, ಒಂದೇ ಜಾತಿ. ಬೇರೆ ಬೇರೆ ಛೇದಗಳ ರಾಶಿಗಳನ್ನು ಒಂದೇ ಬಣ್ಣಕ್ಕೆ ತಂದಲ್ಲದೆ ಕೂಡಿಸಲಾಗದು. ಅದಕ್ಕೆ ಸುಲಭವಾದ, ಆದರೆ ದಡ್ಡ ದಾರಿಯೆಂದರೆ ಛೇದಗಳನ್ನು ಪರಸ್ಪರ ಗುಣಿಸಿಬಿಡುವುದು. ೧/೧೨ಕ್ಕೆ ೧/೧೮ ಕೂಡಿಸಬೇಕಾದರೆ ಛೇದ ೨೧೬ ಆಗುತ್ತದೆ, ಮೊತ್ತ ೩೦/೨೧೬, ಆಮೇಲೆ ಅದನ್ನು ಆರರಿಂದ ಇಳಿಸಬೇಕು. ಮಹಾವೀರಾಚಾರ್ಯ ಇದಕ್ಕೆ ‘ನಿರುದ್ಧ’ವೆಂಬ ಉಪಾಯ ಹೇಳುತ್ತಾನೆ. ಛೇದಗಳಲ್ಲಿನ ಸಾಮಾನ್ಯ ಗುಣಕವನ್ನು ಒಮ್ಮೆ ಮಾತ್ರ ತೆಗೆದುಕೊಂಡು ಉಳಿದ ಲಬ್ಧಗಳೊಡನೆ ಗುಣಿಸಿದರೆ ೩೬. ಮೊತ್ತ ನೇರವಾಗಿ ೫/೩೬. ನಮ್ಮ ಮಕ್ಕಳ ಲ.ಸಾ.ಅ. ಇದೇ. ಭಿನ್ನರಾಶಿಗಳ ಸಂಕಲನವನ್ನು ಹಗುರಗೊಳಿಸಲು ಇದನ್ನು ಹೇಳಿದ ಭಾರತೀಯ ಗಣಿತಜ್ಞರಲ್ಲಿ ಆತನೇ ಮೊದಲಿಗನೆಂದು ಭಾರತೀಯ ಗಣಿತದ ಇತಿಹಾಸಕಾರರು ಗುರುತಿಸಿದ್ದಾರೆ. ಭಿನ್ನರಾಶಿಗಳ ನಿಯಮಗಳನ್ನೆಲ್ಲ ಆತನೇ ಕಂಡುಹಿಡಿದನೆಂದು ಸಭೆಗಳಲ್ಲಿ ಹೇಳುವವರೂ ಇದ್ದಾರೆ. ಅದು ಅಭಿಮಾನವೇ ಹೊರತು ಇತಿಹಾಸವಲ್ಲ. ಬ್ರಹ್ಮಗುಪ್ತ ಆತನಿಗಿಂತ ಇನ್ನೂರು ವರ್ಷ ಹಿಂದಿನವನು. ಪೂರ್ವಾಚಾರ್ಯರ ಗಣಿತಸಾಗರದಿಂದ ಸಾರವನ್ನು ಎತ್ತಿ ಸಂಗ್ರಹಿಸಿದವನು ತಾನೆಂಬುದನ್ನು ಗ್ರಂಥದ ಹೆಸರೇ ಒಪ್ಪಿಕೊಂಡಿದೆ.

ಗುಣಾಕಾರದಲ್ಲಿ ಆತ ಹೇಳುವ ಮಾತು ಇನ್ನೂ ಮುಖ್ಯ. ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸಬೇಕು. ಆದರೆ ಸಾಧ್ಯವಿದ್ದಲ್ಲಿ ಮೊದಲು ವಜ್ರಾಪವರ್ತನ ಮಾಡಿಕೊಳ್ಳಬೇಕು. ವಜ್ರದಂತೆ ಅಡ್ಡಹಾಯ್ದು, ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಸಾಮಾನ್ಯ ಗುಣಕದಿಂದ ಇಳಿಸುವುದು ವಜ್ರಾಪವರ್ತನ. ೧೪/೧೫ನ್ನು ೨೫/೨೮ರಿಂದ ಗುಣಿಸಬೇಕೆನ್ನಿ. ಇಂದಿನ ಹೆಚ್ಚಿನ ಮಕ್ಕಳು ಮೊದಲು ೩೫೦/೪೨೦ ಬರೆದು, ಆಮೇಲೆ ಹತ್ತರಿಂದ ಒಮ್ಮೆ, ಏಳರಿಂದ ಇನ್ನೊಮ್ಮೆ ಇಳಿಸಲು ಹೆಣಗುತ್ತಾರೆ. ಗುಣಿಸುವ ಮೊದಲೇ ೧೪ ಮತ್ತು ೨೮ನ್ನು ನೋಡಿದರೆ ಅವು ೧ ಮತ್ತು ೨. ೨೫ ಮತ್ತು ೧೫ನ್ನು ನೋಡಿದರೆ ಅವು ೫ ಮತ್ತು ೩. ಉತ್ತರ ೫/೬. ಬಾಯಲ್ಲೇ ಆಗುವ ಲೆಕ್ಕ. ಅಪವರ್ತನ ಲೆಕ್ಕದ ಕೊನೆಯಲ್ಲಿ ಮಾಡುವ ಅಲಂಕಾರವಲ್ಲ, ಮೊದಲಲ್ಲೇ ಭಾರ ಇಳಿಸಿಕೊಳ್ಳುವ ಜಾಣತನ ಎಂಬುದು ಮಹಾವೀರಾಚಾರ್ಯನ ವಿಧಿಯ ಕ್ರಮದಲ್ಲೇ ಇದೆ. ಸಾವಿರದ ನೂರು ವರ್ಷಗಳ ಮೇಲೂ ತರಗತಿಗಳಲ್ಲಿ ಇದನ್ನು ತಲೆಕೆಳಗು ಮಾಡಿ ಕಲಿಸುತ್ತಿರುವುದು ಬೇಸರದ ಸಂಗತಿ.

ಗಣಿತದ ಈ ಮಾತು ಜೈನದರ್ಶನದಲ್ಲಿಯೂ ಒಂದು ಗಂಭೀರ ಸ್ಥಾನದಲ್ಲಿ ಬರುತ್ತದೆ. ಗಣಿತದ ಅಧ್ಯಾಪಕರಿಗೆ ದರ್ಶನ ಬೇಡ, ದರ್ಶನದ ಪಂಡಿತರಿಗೆ ಗಣಿತ ಬೇಡ ಎಂಬಂತಾಗಿರುವ ಕಾಲದಲ್ಲಿ ಇದನ್ನು ತುಸು ಬಿಡಿಸಿ ಹೇಳುವುದು ತಪ್ಪಾಗದು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರ (ದಿಗಂಬರ ಪಾಠದಲ್ಲಿ ೫೩, ಶ್ವೇತಾಂಬರ ಪಾಠದಲ್ಲಿ ೫೨) ಯಾರ ಆಯುಷ್ಯ ಅನಪವರ್ತ್ಯ, ಅಂದರೆ ನಡುವೆ ಕುಗ್ಗದು, ಎಂಬುದನ್ನು ಹೇಳುತ್ತದೆ. ದೇವನಾರಕರು, ಚರಮದೇಹಿಗಳು, ಅಸಂಖ್ಯಾತವರ್ಷಗಳ ಆಯುಷ್ಯವುಳ್ಳವರು ಅಂಥವರು. ಉಳಿದವರ ಆಯುಷ್ಯ ವಿಷ, ಶಸ್ತ್ರ ಮೊದಲಾದ ಹೊರಗಿನ ನಿಮಿತ್ತಗಳಿಂದ ಮೊಟಕಾಗಬಹುದು. ಅದು ಅಪವರ್ತ್ಯ ಆಯುಷ್ಯ. ಇಲ್ಲಿ ಒಂದು ಕಠಿಣ ಆಕ್ಷೇಪ ಏಳುತ್ತದೆ. ಎಂಬತ್ತು ವರ್ಷಗಳಿಗೆಂದು ಕಟ್ಟಿಕೊಂಡ ಆಯುಷ್ಕರ್ಮ ನಲವತ್ತಕ್ಕೇ ಮುಗಿದರೆ ಉಳಿದ ಕರ್ಮ ಏನಾಯಿತು? ಫಲ ಕೊಡದೆ ನಾಶವಾಯಿತೆ? ಮಾಡಿದ್ದು ಉಣ್ಣದೆ ಹೋಗುವುದಾದರೆ ಕರ್ಮಸಿದ್ಧಾಂತವೇ ಕುಸಿಯುತ್ತದೆ.

ಸೂತ್ರಕ್ಕಿರುವ ಭಾಷ್ಯ ಇದಕ್ಕೆ ಮೂರು ಉಪಮೆಗಳಿಂದ ಉತ್ತರಿಸುತ್ತದೆ. ಒಣಹುಲ್ಲಿನ ರಾಶಿಯನ್ನು ಒಂದೊಂದೇ ಎಳೆಯಾಗಿ ಸುಟ್ಟರೆ ಹೊತ್ತು ಹಿಡಿಯುತ್ತದೆ. ಸಡಿಲವಾಗಿ ಹರಡಿ ಗಾಳಿಗೆ ಬೆಂಕಿಯಿಟ್ಟರೆ ಕ್ಷಣದಲ್ಲಿ ಉರಿದುಹೋಗುತ್ತದೆ, ಸುಟ್ಟ ಹುಲ್ಲು ಅಷ್ಟೇ. ಮಡಿಸಿಟ್ಟ ಒದ್ದೆ ಬಟ್ಟೆ ನಿಧಾನವಾಗಿ ಒಣಗುತ್ತದೆ, ಹರಡಿದ್ದು ಬೇಗ. ಆರಿದ ನೀರು ಅಷ್ಟೇ. ಇವೆರಡರ ನಡುವೆ ನಿಲ್ಲುವುದು ಗಣಿತಾಚಾರ್ಯನ ಉಪಮೆ. ಲೆಕ್ಕ ಹಗುರಾಗಲೆಂದು ಆತ ಗುಣಕ ಭಾಜಕಗಳನ್ನು ಅಪವರ್ತಿಸಿ ರಾಶಿಯನ್ನು ಕಿರಿದು ಮಾಡುತ್ತಾನೆ. ಎಣಿಸಬೇಕಾದ ಅರ್ಥಕ್ಕೆ ಮಾತ್ರ ಯಾವ ಲೋಪವೂ ಬರುವುದಿಲ್ಲ. ಹಾಗೆಯೇ ಕಾಲ ಕುಗ್ಗಿದರೂ ಅನುಭವಿಸಬೇಕಾದ ಕರ್ಮ ಕುಗ್ಗಿರುವುದಿಲ್ಲ. ಈ ಭಾಷ್ಯವನ್ನು ಸೂತ್ರಕಾರನದೇ ಎಂದು ಒಪ್ಪುವುದು ಶ್ವೇತಾಂಬರ ಪರಂಪರೆ, ದಿಗಂಬರರು ಒಪ್ಪುವುದಿಲ್ಲ. ಕನ್ನಡನಾಡಿನ ಸ್ವಾಧ್ಯಾಯಗಳಲ್ಲಿ ನಡೆದುಬಂದಿರುವುದು ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’, ಅಕಲಂಕರ ‘ರಾಜವಾರ್ತಿಕ’. ಅಕಲಂಕರು ಇದೇ ಎಡೆಯಲ್ಲಿ ಉಪಾಯದಿಂದ ಬೇಗ ಮಾಗಿಸಿದ ಮಾವಿನ ಹಣ್ಣಿನ ದೃಷ್ಟಾಂತ ಕೊಡುತ್ತಾರೆ. ಮಾವು ಚೆನ್ನು. ಆದರೆ ಆಕ್ಷೇಪದ ನೆತ್ತಿಗೆ ಸರಿಯಾಗಿ ಬಡಿಯುವುದು ಭಿನ್ನರಾಶಿಯೇ. ಬೇಲಿಯಾಚೆಯದೆಂಬ ಕಾರಣಕ್ಕೆ ಅದನ್ನು ಬಿಡುವುದು ಅನೇಕಾಂತವಾದಿಗಳಿಗೆ ತಕ್ಕದ್ದಲ್ಲ.

ಈ ಉಪಮೆಯಲ್ಲಿ ಗಣಿತದ ಮೇಷ್ಟ್ರುಗಳಿಗೆ ಬೇಕಾದದ್ದು ಎರಡು ಅಂಶಗಳಿವೆ. ಅಪವರ್ತನದ ಪ್ರಯೋಜನ ಲಾಘವ, ಕೆಲಸದ ಹಗುರತನ, ಸತ್ಯವಲ್ಲ. ಅಪವರ್ತನದ ಲಕ್ಷಣ ಬೆಲೆಯ ಅವಿಚ್ಛಿನ್ನತೆ. ಇವೆರಡನ್ನೂ ಒಪ್ಪಿದರೆ ೬/೮ ಎಂದು ಬರೆದ ಮಗುವಿನ ಉತ್ತರಕ್ಕೆ ತಪ್ಪು ಗುರುತು ಹಾಕುವುದು ಹೇಗೆ ನ್ಯಾಯವಾಗುತ್ತದೆ? ಸಂಕ್ಷಿಪ್ತ ರೂಪದಲ್ಲಿ ಬರೆಯಿರಿ ಎಂದು ಪ್ರಶ್ನೆಯೇ ಕೇಳಿದ್ದರೆ ಮಾತು ಬೇರೆ. ಕೇಳದಿದ್ದಲ್ಲಿ ೬/೮ ಕೂಡ ೩/೪ರಷ್ಟೇ ಸರಿ. ಅಂಕ ಕಳೆಯುವ ಕೆಂಪು ಶಾಯಿ ಮಗುವಿಗೆ ಕಲಿಸುವುದು ಇವೆರಡೂ ಬೇರೆ ಬೇರೆ ಎಂಬ ಸುಳ್ಳನ್ನು. ಅದಕ್ಕಿಂತ “ಸರಿ, ಇದನ್ನೇ ಇನ್ನೂ ಹಗುರವಾಗಿ ಹೇಳು” ಎಂದರೆ ಸಾಕು.

ವಿಚಿತ್ರವೆಂದರೆ ಈ ಸಮಾನತೆಯನ್ನು ಶಾಲೆಯ ಮೆಟ್ಟಿಲು ಹತ್ತದವರೂ ಬಲ್ಲರು. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂತು. ಅದರ ಮೊದಲು ರೂಪಾಯಿಗೆ ಹದಿನಾರಾಣೆ. ಆಣೆ ಹೋದರೂ ಇಪ್ಪತ್ತೈದು ಪೈಸೆಯ ಬಿಲ್ಲೆಯನ್ನು, ೨೦೧೧ರಲ್ಲಿ ಅದು ಚಲಾವಣೆಯಿಂದ ಹೋಗುವವರೆಗೂ, ಹಳ್ಳಿಯ ಅಜ್ಜಿಯರು ‘ನಾಲ್ಕಾಣೆ’ ಎಂದೇ ಕರೆದರು. ೪/೧೬ ಮತ್ತು ೨೫/೧೦೦ ಒಂದೇ ಎಂದು ಅವರಿಗೆ ಯಾರೂ ಸೂತ್ರ ಹೇಳಿಕೊಟ್ಟಿರಲಿಲ್ಲ. ಎರಡೂ ‘ಕಾಲು’ ಎಂಬುದು ಗೊತ್ತಿತ್ತು. ಕನ್ನಡದ ಭಾಗವಾಚಕಗಳೇ ಅಪವರ್ತಿತ ರೂಪದಲ್ಲಿವೆ. ಎರಡು ಕಾಲು ಸೇರಿದರೆ ಅರೆ, ಮೂರು ಕಾಲು ಸೇರಿದರೆ ಮುಕ್ಕಾಲು. ‘ಮುಕ್ಕಾಲು’ ಎಂಬ ಮಾತನ್ನು ಒಡೆದರೆ ಅಂಶ ಮೊದಲು, ಛೇದ ಆಮೇಲೆ, ಅಚ್ಚುಕಟ್ಟಾಗಿ ಸಿಗುತ್ತವೆ. ‘ಅರೆಕಾಲು’ ಎಂದರೆ ಕಾಲಿನ ಅರೆ, ಒಂದರ ಎಂಟನೆಯ ಪಾಲು. ಭಾಗದ ಭಾಗವನ್ನು ಮಹಾವೀರಾಚಾರ್ಯ ‘ಪ್ರಭಾಗಜಾತಿ’ ಎಂದು ಕರೆದ. ಹದಿನಾರನೆಯ ಒಂದಕ್ಕೆ ‘ವೀಸ’ವಿದೆ. ಚಂದ್ರನ ಕಲೆಯೂ ಹದಿನಾರನೆಯ ಪಾಲೇ ಆದ್ದರಿಂದ ಕಲಾಸವರ್ಣವನ್ನು ವೀಸಗಳ ಲೆಕ್ಕವೆಂದರೂ ನಡೆದೀತು. ಹಂಚುವುದಕ್ಕೆ ಹಳಗನ್ನಡದಲ್ಲಿ ‘ಪಸುಗೆ’, ಹೊಸರೂಪದಲ್ಲಿ ‘ಹಸುಗೆ’ ಎಂಬ ಸೊಗಸಾದ ಮಾತಿದೆ. ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದ ಜೈನಕವಿ ರಾಜಾದಿತ್ಯನ ಕೃತಿಗಳಲ್ಲಿ ಒಂದರ ಹೆಸರು ‘ಚಿತ್ರಹಸುಗೆ’. ಕವಿಚರಿತೆ ಆತನನ್ನು ಹೊಯ್ಸಳ ವಿಷ್ಣುವರ್ಧನನ ಕಾಲದವನೆನ್ನುತ್ತದೆ. ಅದೇ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ೧೧೧೭ರಲ್ಲಿ ಬಸದಿ ಕಟ್ಟಿಸಿದ ಅರಕೊಠಾರವೇ ಇಂದಿನ ಚಾಮರಾಜನಗರ. ಮಲೆಯೂರಿನ ಕನಕಗಿರಿಯೂ ಈ ಸೀಮೆಯದೇ. ‘ರಾಜಾವಳಿ ಕಥೆ’ಯ ದೇವಚಂದ್ರ ಅಲ್ಲಿಯವನು. ಇಂತಹ ಜಿಲ್ಲೆಯ ಮಕ್ಕಳಿಗೆ ಭಿನ್ನರಾಶಿಯನ್ನು ಪಿಜ್ಜಾದ ಚಿತ್ರ ತೋರಿಸಿ ಕಲಿಸಬೇಕಾಗಿಲ್ಲ.

‘ಗಣಿತಸಾರಸಂಗ್ರಹ’ ಈಗ ಕೈಗೆಟುಕದ ಗ್ರಂಥವೂ ಅಲ್ಲ. ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜ ಜೈನಮಠದ ಗ್ರಂಥಮಾಲೆಯಲ್ಲಿ ಬಂತು. ತೆಲುಗಿಗೆ ಪಾವುಲೂರಿ ಮಲ್ಲನ ಹನ್ನೊಂದನೆಯ ಶತಮಾನದಲ್ಲೇ ಅದನ್ನು ತಂದಿದ್ದ. ಅದರ ಒಂದು ಚಮತ್ಕಾರವನ್ನು ಯಾವ ಆರನೆಯ ತರಗತಿಯಲ್ಲಾದರೂ ಹಲಗೆಗೆ ಹಾಕಬಹುದು. ಅಂಶವೆಲ್ಲ ಒಂದೇ ಆಗಿರುವ, ಛೇದಗಳು ಬೇರೆ ಬೇರೆಯಾಗಿರುವ ಭಿನ್ನರಾಶಿಗಳ ಮೊತ್ತ ಒಂದಾಗಬೇಕು. ಒಂದರಿಂದ ಆರಂಭಿಸಿ ಮೂರು ಮೂರರಿಂದ ಗುಣಿಸುತ್ತ ಹೋಗಿ: ೧, ೩, ೯, ೨೭. ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ೨/೩ರಿಂದಲೂ ಗುಣಿಸಿ: ೨, ೩, ೯, ೧೮. ಈಗ ೧/೨, ೧/೩, ೧/೯, ೧/೧೮ ಕೂಡಿಸಿದರೆ ನಿರುದ್ಧ ೧೮, ಅಂಶಗಳು ೯, ೬, ೨, ೧, ಮೊತ್ತ ೧೮/೧೮. ಮಗು ತಾನೇ ಐದು ಭಿನ್ನರಾಶಿಗಳಿಗೆ ಮುಂದುವರಿಸಿ ನೋಡಲಿ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಪವರ್ತಿಸದೆ ಬಿಡುವುದೇ ಮೇಲಾದ ಸಂದರ್ಭಗಳೂ ಉಂಟು. ಗುಂಡ್ಲುಪೇಟೆ ಸುತ್ತಿನಲ್ಲಿ ಚೆಂಡುಹೂವು, ಅರಿಸಿನ ಬೆಳೆಯುವ ಮನೆಗಳಲ್ಲಿ ಭಿನ್ನರಾಶಿಯ ಲೆಕ್ಕ ಜೀವಂತವಾಗಿರುವುದು ಪಹಣಿಯಲ್ಲಿ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರಾಣೆ. ಎರಡು ಎಕರೆ ಹದಿನಾರು ಗುಂಟೆ ಎಂದರೆ ೯೬ ಗುಂಟೆ. ಮೂವರಲ್ಲಿ ಒಬ್ಬನ ಪಾಲು ಆತನ ಇಬ್ಬರು ಮಕ್ಕಳಿಗೆ ಬಂದರೆ ಮೂರನೆಯ ಒಂದರ ಅರೆ, ಅಂದರೆ ೧/೬; ಒಬ್ಬೊಬ್ಬರಿಗೆ ೧೬ ಗುಂಟೆ. ೧೬/೪೦ನ್ನು ಗಣಿತದ ಮೇಷ್ಟ್ರು ೨/೫ ಎಕರೆ ಎನ್ನಬಹುದು. ಗ್ರಾಮಲೆಕ್ಕಿಗ ಹಾಗೆ ಬರೆಯುವುದಿಲ್ಲ, ಬರೆಯಬಾರದು ಕೂಡ. ಅಳತೆಯ ಸರಪಳಿ ಅಳೆಯುವುದು ಗುಂಟೆಯನ್ನು. ಎಕರೆಯ ಐದನೆಯ ಪಾಲು ಎಂಬುದಕ್ಕೆ ನೆಲದ ಮೇಲೆ ಗುರುತಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಹಕ್ಕಿನ ಲೆಕ್ಕ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಹಿಂದೆ ಮಕ್ಕಳ ಪಾಲಿನ ಛೇದ ಎರಡು. ಹೆಣ್ಣುಮಕ್ಕಳು ಆ ಲೆಕ್ಕದಲ್ಲೇ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿಗೆ ೧೯೯೪ರಲ್ಲಿ ಕರ್ನಾಟಕ ತಂದ ತಿದ್ದುಪಡಿ, ೨೦೦೫ರಲ್ಲಿ ಕೇಂದ್ರ ತಂದ ತಿದ್ದುಪಡಿ, ಇವುಗಳಿಂದ ಛೇದ ನಾಲ್ಕಾಯಿತು. ಆ ಕಾನೂನು ಜೈನರಿಗೂ ಅನ್ವಯಿಸುತ್ತದೆ. ಮಕ್ಕಳ ಪಾಲಿಗೆ ಬಂದ ಆಸ್ತಿಯಲ್ಲಿ ಇಬ್ಬರು ಸೋದರಿಯರದು ಸೇರಿ ೨/೪. ಅದನ್ನು ೧/೨ ಎಂದರೆ ಬೆಲೆ ಒಂದಿಷ್ಟೂ ಕಡಿಮೆಯಾಗದು, ಭಾಷ್ಯಕಾರನೂ ಒಪ್ಪುತ್ತಾನೆ. ಆದರೆ ಮೇಲಿನ ಎರಡರಲ್ಲಿ ಇಬ್ಬರು ಹೆಂಗಸರಿದ್ದಾರೆ, ಕೆಳಗಿನ ನಾಲ್ಕರಲ್ಲಿ ಒಡಹುಟ್ಟಿದವರೆಲ್ಲ ಇದ್ದಾರೆ. ೧/೨ ಎಂದು ಇಳಿಸಿದ ಮೇಲೆ ಆ ಅರ್ಧ ಒಬ್ಬರದೋ ಇಬ್ಬರದೋ ಹತ್ತು ಜನರದೋ ಎಂಬುದು ಕಾಣುವುದಿಲ್ಲ. ವಿಭಾಗಪತ್ರ ಬರೆಯುವವರು ಅಲ್ಲಿ ಭಿನ್ನರಾಶಿಯನ್ನು ಇದ್ದಂತೆಯೇ ಬಿಟ್ಟು, ಪ್ರತಿಯೊಬ್ಬರ ೧/೪ರ ಎದುರಿಗೆ ಅವರವರ ಹೆಸರನ್ನು ಬರೆಯತಕ್ಕದ್ದು.